‘ಜೈಲಿಗೆ ಹೋಗದೇ ಇದ್ದಿದ್ದರೆ ನೀವು ಬರೀತಿದ್ರಾ?’

ಎಲ್ಲಾದರೂ ಸಭೆಯಲ್ಲಿ ನಾನು ನನ್ನ ಬರಹ ಓದಿದ ಮೇಲೆ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕೆಲವರು ಎಲ್ಲರೆದುರು ಕೈಯೆತ್ತಿ ಕೇಳುತ್ತಾರೆ. ಕೆಲವರು ಕುರ್ಚಿ ಎತ್ತಿಡುವ ಹೊತ್ತಿಗೆ ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ. ‘ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು, ಅಲ್ವಾ?’ ಅಂತ ಸೇರಿಸುವವರೂ ಇದ್ದಾರೆ. ಅವರ ಮನಸ್ಸು ಒಳ್ಳೆಯದೇ. ನನಗೆ ಮಾತ್ರ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಬಹುಶಃ ಬರೀತಿರಲಿಲ್ಲ. ಆದರೆ ನನ್ನಿಂದ ಬರೆಸಿದ್ದು ಜೈಲಲ್ಲ. ನಮ್ಮ ಬ್ಯಾರಕ್‌ನಲ್ಲಿ ಅರವತ್ತು ಜನ ಇದ್ದೆವು. ಎಲ್ಲರಿಗೂ ಅದೇ ಗೋಡೆ, ರಾತ್ರಿಯಿಡೀ ಆರದ ಅದೇ ದೀಪ. ಜೈಲೇ ಬರೆಸುವುದಾದರೆ ಅರವತ್ತು ಜನ ಬರಹಗಾರರು ಹೊರಗೆ ಬರಬೇಕಿತ್ತು.

ನಾನು ಮೊದಲು ಬರೆದದ್ದು ಬೇರೆಯವರ ಕಾಗದಗಳನ್ನು. ಓದು ಬರಹ ಬಾರದವರು ಮನೆಗೆ ಪತ್ರ ಬರೆಸಲು ಬರುತ್ತಿದ್ದರು. ಒಬ್ಬಾತ ಹೆಂಡತಿಗೆ ‘ಚೆನ್ನಾಗಿದ್ದೀನಿ ಅಂತ ಬರಿ’ ಅಂದ. ನಾನು ನನ್ನ ಜಾಣತನವನ್ನೆಲ್ಲ ಸುರಿದೆ. ನೆನಪಿನ ಕಡಲು, ಕಣ್ಣೀರಿನ ಹೊಳೆ, ಎಲ್ಲ ಬಂತು. ಓದಿ ಹೇಳಿದಾಗ ಅವನು ಮುಖ ಗಂಟಿಕ್ಕಿ, ‘ಇದು ನಾನಲ್ಲ. ಯಾರೋ ಸತ್ತಿದ್ದಾರೆ ಅಂದ್ಕೋತಾಳೆ’ ಅಂದ. ಹರಿದು ಹಾಕಿದೆ. ಮತ್ತೇನು ಬರೆಯಲಿ ಅಂದರೆ ತುಂಬ ಹೊತ್ತು ಸುಮ್ಮನಿದ್ದು, ‘ಹಿಂದಿನ ಬಾಗಿಲ ಚಿಲಕ ಸಡಿಲ ಆಗಿತ್ತು. ಸರಿ ಮಾಡಿಸಿದ್ಯಾ ಅಂತ ಕೇಳು’ ಅಂದ.

ಅಷ್ಟೇ. ರಾತ್ರಿ ಹೊತ್ತು ಅವಳು ಒಬ್ಬಳೇ ಇರುವುದನ್ನು ನೆನೆದು ಅವನಿಗಾಗುತ್ತಿದ್ದ ಭಯವೆಲ್ಲ ಆ ಚಿಲಕದಲ್ಲಿತ್ತು. ಒಳಗಿನಿಂದ ಹೋಗುವ ಕಾಗದವನ್ನು ಮೊದಲು ಅಧಿಕಾರಿ ಓದುತ್ತಾನೆ, ಆಮೇಲೆ ಮನೆಯವರು. ಅಧಿಕಾರಿಗೆ ಅದು ಬರೀ ಚಿಲಕ. ಅವಳಿಗೆ ಹಾಗಲ್ಲ. ಕಥೆ ಬರೆಯುವುದನ್ನು ನಾನು ಕಲಿತದ್ದು ಅಲ್ಲೇ.

ನನ್ನದೇ ಕಥೆಗೆ ಕೈ ಹಾಕಿದಾಗ ಬೇರೆ ತೊಂದರೆ ಶುರುವಾಯಿತು. ವಾರಕ್ಕೊಮ್ಮೆ ಪಾಠ ಹೇಳಲು ಬರುತ್ತಿದ್ದ ಮೇಷ್ಟ್ರೊಬ್ಬರಿಗೆ ಮೂವತ್ತು ಪುಟ ಕೊಟ್ಟೆ. ಮುಂದಿನ ವಾರ ವಾಪಸ್ ಕೊಟ್ಟರು. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ, ಪೆನ್ಸಿಲ್ ಗೆರೆಗಳು ಮಾತ್ರ. ‘ಜಗಳ ಆಯಿತು’ ಕೆಳಗೆ ಒಂದು ಗೆರೆ. ‘ಏಟು ಬಿತ್ತು’ ಕೆಳಗೆ ಇನ್ನೊಂದು. ಪಕ್ಕದಲ್ಲಿ ಸಣ್ಣಗೆ ‘ಯಾರು ಹೊಡೆದದ್ದು?’ ಅಂತ ಬರೆದಿದ್ದರು. ನಮ್ಮ ಭಾಷೆಯಲ್ಲಿ ಬಚ್ಚಿಟ್ಟುಕೊಳ್ಳುವುದು ಎಷ್ಟು ಸುಲಭ ನೋಡಿ! ಎಲ್ಲವೂ ತಾನೇ ಆಗುತ್ತದೆ, ತಾನೇ ಬೀಳುತ್ತದೆ, ತಾನೇ ಒಡೆಯುತ್ತದೆ. ಆ ಸಿಟ್ಟಿನಲ್ಲಿ ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಆಮೇಲೆ ಒಂದು ರಾತ್ರಿ ‘ಹೊಡೆದೆ’ ಅಂತ ಬರೆದೆ. ಜನ ನನ್ನ ದನಿ ಅನ್ನುತ್ತಾರಲ್ಲ, ಅದು ಆ ಕ್ರಿಯಾಪದದ ಕೊನೆಯಲ್ಲಿರುವ ‘ಎ’ಕಾರ.

ಬಿಡುಗಡೆಯಾದ ಮೇಲೆ ಎಲ್ಲ ಸರಾಗ ಅಂದುಕೊಂಡಿದ್ದೆ. ಒಂಬತ್ತು ತಿಂಗಳು ಒಂದು ಸಾಲೂ ಹುಟ್ಟಲಿಲ್ಲ. ಕತ್ತಲಲ್ಲಿ ನಿದ್ದೆ ಬರುತ್ತಿರಲಿಲ್ಲ, ದೀಪ ಬೇಕಿತ್ತು. ಬಾಗಿಲ ಮುಂದೆ ನಿಂತು ಯಾರಾದರೂ ತೆರೆಯಲಿ ಅಂತ ಕಾಯುತ್ತಿದ್ದೆ, ಅದು ನನ್ನದೇ ಕೋಣೆಯ ಬಾಗಿಲು. ಅಂಗಡಿಯಲ್ಲಿ ಸೋಪು ಆರಿಸಲಾಗದೆ ಖಾಲಿ ಕೈಯಲ್ಲಿ ಬಂದದ್ದೂ ಇದೆ. ಒಳಗೆ ಎಲ್ಲವನ್ನೂ ಬೇರೆಯವರು ನಿರ್ಧರಿಸುತ್ತಾರೆ. ಆ ಅಭ್ಯಾಸ ಗೇಟಿನ ಹತ್ತಿರ ವಾಪಸ್ ಕೊಟ್ಟು ಬರುವ ಸಾಮಾನಲ್ಲ.

ಕೆಲಸದ ಅರ್ಜಿಯಲ್ಲಂತೂ ಆರು ವರ್ಷದ ಖಾಲಿ ಜಾಗ. ಮುಚ್ಚಿಡಬೇಕಾ, ಹೇಳಬೇಕಾ? ಆಗ ನಾನು ಇಬ್ಬರು ಬರಹಗಾರರನ್ನು ಜಾಸ್ತಿ ನೆನೆಯುತ್ತಿದ್ದೆ. ಇಬ್ಬರೂ ಅಮೆರಿಕದ ಕೊಲಂಬಸ್‌ನ ಓಹಿಯೊ ಸೆರೆಮನೆಯಲ್ಲೇ ಇದ್ದವರು. ಮೊದಲನೆಯವನು ಓ. ಹೆನ್ರಿ. ಬ್ಯಾಂಕಿನ ಹಣ ದುರುಪಯೋಗ ಮಾಡಿದನೆಂದು 1898ರಲ್ಲಿ ಒಳಗೆ ಹೋದ. ಅಲ್ಲಿ ರಾತ್ರಿ ಪಾಳಿಯಲ್ಲಿ ಔಷಧಿ ಕೊಡುವ ಕೆಲಸ. ಅಂದರೆ ಒಂದಿಷ್ಟು ನೆಮ್ಮದಿ, ಒಂದಿಷ್ಟು ರಾತ್ರಿ ಸಿಕ್ಕಿತ್ತು. ಕಷ್ಟಕ್ಕಿಂತ ಅದೇ ಅವನಿಂದ ಬರೆಸಿತು ಅಂತ ನನ್ನ ಗುಮಾನಿ. ಕಥೆಗಳನ್ನು ಸ್ನೇಹಿತನ ಮೂಲಕ ಕಳಿಸುತ್ತಿದ್ದ, ಸಂಪಾದಕರಿಗೆ ಜೈಲಿನ ವಾಸನೆ ಹತ್ತದಿರಲಿ ಅಂತ. ಅಪ್ಪ ವ್ಯವಹಾರದ ಮೇಲೆ ದೂರ ಹೋಗಿದ್ದಾನೆ ಅಂತ ಮಗಳಿಗೆ ಹೇಳಿದ್ದರು. 1901ರಲ್ಲಿ ಹೊರಬಂದು ಹೆಸರು ಮಾಡಿದ. ಓದುವ ಜನಕ್ಕೆ ನಿಜ ಗೊತ್ತಾದದ್ದು 1910ರಲ್ಲಿ ಅವನು ಸತ್ತ ಮೇಲೆ.

ಎರಡನೆಯವನು ಚೆಸ್ಟರ್ ಹೈಮ್ಸ್. 1934ರಲ್ಲಿ ಅವನ ಕಥೆಯನ್ನು ಎಸ್ಕ್ವೈರ್ ಪತ್ರಿಕೆ ಛಾಪಿಸಿದಾಗ ಹೆಸರಿನ ಜಾಗದಲ್ಲಿ ಇದ್ದದ್ದು ಅವನ ಕೈದಿ ಸಂಖ್ಯೆ, 59623. ಪೆರೋಲ್ ಮೇಲೆ ಹೊರಬಂದದ್ದು 1936ರಲ್ಲಿ, ಮೊದಲ ಕಾದಂಬರಿ ಬಂದದ್ದು 1945ರಲ್ಲಿ. ನಡುವೆ ಒಂಬತ್ತು ವರ್ಷ. ನನ್ನ ಒಂಬತ್ತು ತಿಂಗಳಿಗೆ ಅಳುತ್ತಿದ್ದವನಿಗೆ ಆ ಲೆಕ್ಕದಿಂದ ಒಂದಿಷ್ಟು ನಾಚಿಕೆಯಾಯಿತು.

ಹೆನ್ರಿಯನ್ನು ನಾನು ದೂರುವುದಿಲ್ಲ. ಅವನ ಕಾಲದಲ್ಲಿ ಮುಚ್ಚಿಡಬಹುದಿತ್ತು. ಈಗ ಫೋನಿನಲ್ಲಿ ಹೆಸರು ಹುಡುಕಿದರೆ ಸಾಕು. ಹಾಗಾಗಿ ನಾನು ಹೇಳಿಬಿಟ್ಟದ್ದು ಧೈರ್ಯದಿಂದಲ್ಲ. ಐದು ಕಡೆ ‘ತಿಳಿಸುತ್ತೇವೆ’ ಅಂದರು, ತಿಳಿಸಲಿಲ್ಲ. ಆರನೆಯ ಕಡೆ ಪ್ರೆಸ್ಸಿನ ಮಾಲೀಕರೊಬ್ಬರು, ‘ಆ ಆರು ವರ್ಷ ಏನಾಯಿತು?’ ಅಂತ ಕೇಳಿದರು. ‘ಒಬ್ಬನಿಗೆ ಹೊಡೆದೆ, ಜೈಲಿಗೆ ಹೋದೆ’ ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, ಕರಡು ತಿದ್ದಲು ಬರುತ್ತದಾ ಅಂತ ಕೇಳಿದರು. ಕೆಲಸ ಸಿಕ್ಕಿತು. ಬೆಳಿಗ್ಗೆ ಹೋಗಬೇಕಾದ ಜಾಗ ಒಂದಾದ ಮೇಲೆ ರಾತ್ರಿ ಬರೆಯುವುದೂ ಮೆಲ್ಲಗೆ ವಾಪಸ್ ಬಂತು.

ಇನ್ನು ‘ಒಳ್ಳೇದೇ ಆಯ್ತು ಅಲ್ವಾ’ ಅನ್ನುವವರಿಗೆ. ಆ ‘ಆಯ್ತು’ ಕೇಳಿದ ಕೂಡಲೇ ನನಗೆ ಮೇಷ್ಟ್ರ ಪೆನ್ಸಿಲ್ ಕಾಣುತ್ತದೆ. ನಾನು ಹೊಡೆದ ಮನುಷ್ಯನಿಗೆ ಇವತ್ತಿಗೂ ಎಡಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಅವನನ್ನು ಬಿಟ್ಟು ಆ ಲೆಕ್ಕ ಹಾಕಲು ನನಗೆ ಬರುವುದಿಲ್ಲ.