ಬಾಲಯೇಸುವಿನ ಕಾಲು

ನಮ್ಮ ಅಜ್ಜಿ ಬಾಲಯೇಸುವಿಗೆ ಮುತ್ತು ಕೊಡುತ್ತಿರಲಿಲ್ಲ. ಕ್ರಿಸ್‌ಮಸ್ ರಾತ್ರಿ ಪೂಜೆ ಮುಗಿದ ಮೇಲೆ ಫಾದರ್ ಪುಟ್ಟ ಮೂರ್ತಿಯನ್ನು ಎತ್ತಿಕೊಂಡು ನಿಲ್ಲುತ್ತಾರಲ್ಲ, ಆಗ ಸಾಲಿನಲ್ಲಿ ಬಂದವರೆಲ್ಲ ಬಗ್ಗಿ ಪಾದಕ್ಕೆ ಮುತ್ತಿಡುತ್ತಿದ್ದರು. ಅಜ್ಜಿ ಮಾತ್ರ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಆ ಎರಡು ಪುಟ್ಟ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು, ಆಮೇಲೆ ಕೈಗಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. "ಎಲ್ಲಾರಿಗಿಂತ ದೊಡ್ಡಾಂವ ಅಂವ. ದೊಡ್ಡೋರ ಕಾಲು ಹಿಡಿಬೇಕವ್ವ" ಅನ್ನುತ್ತಿದ್ದಳು. ಹಿಂದೆ ನಿಂತವರು ಕಾಯುತ್ತಿದ್ದರು. ಆಕೆಗೆ ಅವಸರವೇ ಇರಲಿಲ್ಲ.

ಆ ಮೂರ್ತಿಯ ಹೆಬ್ಬೆರಳಿನ ಬಣ್ಣ ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ಎಷ್ಟು ಜನರ ತುಟಿ, ಎಷ್ಟು ಜನರ ಕೈ ತಾಗಿದ್ದವೋ! ನಮ್ಮದು ರಾಯಚೂರು ಜಿಲ್ಲೆಯ ಮುದಗಲ್. ಕೋಟೆ ಇರುವ ಊರು, ಮೊಹರಂಗೆ ಹೆಸರಾದ ಊರು. ಅಲ್ಲಿ ಕ್ರೈಸ್ತರು ಇರುವುದು ನಿನ್ನೆ ಮೊನ್ನೆಯಿಂದ ಅಲ್ಲ, ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದ, 16ನೇ ಶತಮಾನದಿಂದ. ಹಾಗಾಗಿ ಹಬ್ಬ ಅನ್ನೋದು ನಮಗೆ ಮಣ್ಣಿನ ಜೊತೆಗೇ ಬಂದದ್ದು. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು, ಅಂದರೆ ಆಗಮನ ಕಾಲ ಶುರುವಾದ ಕೂಡಲೇ ಅಜ್ಜಿ ಒಡೆದ ಗಡಿಗೆಯ ತಳದಲ್ಲಿ ಮಣ್ಣು ತುಂಬಿ ಜೋಳ ಬಿತ್ತುತ್ತಿದ್ದಳು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ, ಕಟ್ಟುವ ಹೊತ್ತಿಗೆ ಹಸಿರು ಎದ್ದಿರುತ್ತಿತ್ತು. ಕುರಿಮರಿಗಳಿಗೆ ಅದೇ ಮೇವು.

ನಾನು ಸಿಸ್ಟರ್ ಆಗಿ ಕೆಲವು ವರ್ಷ ಬಳ್ಳಾರಿಯಲ್ಲಿದ್ದೆ. ಆಮೇಲೆ ಆಫ್ರಿಕಾದ ಟಾಂಜಾನಿಯಾಕ್ಕೆ ಕಳಿಸಿದರು. ಹೊರಡುವ ಹಿಂದಿನ ದಿನ ಅಜ್ಜಿಯ ಮುಂದೆ ಅತ್ತುಬಿಟ್ಟೆ. ಆಕೆ ಎಲೆ ಅಡಿಕೆ ಮಡಚುತ್ತಾ ಹೇಳಿದಳು: "ಹೆರೋದ ರಾಜ ಕೊಲ್ಲಾಕ ಬಂದಾಗ ನಮ್ಮಪ್ಪ ಯೇಸು ಎಳೇ ಕೂಸು. ಅವ್ವನ ಉಡಿಯಾಗ ಕುಂತು ಈಜಿಪ್ಟಿಗೆ ಹೋಗಲಿಲ್ಲೇನು? ಅದೂ ಅದೇ ಆಫ್ರಿಕಾನೇ ಅಂತಲ್ಲ. ನೀ ಯಾಕ ಅಂಜತಿ?" ಕಾಲಿಗೆ ಬಿದ್ದೆ. ಒಡೆದ ಹಿಮ್ಮಡಿ, ಬೆರಳಿನ ಬೆಳ್ಳಿ ಪಿಲ್ಲಿ, ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆಯ ಜಿಡ್ಡು. ಅದೇ ಕೊನೆ. ನಾನು ಹೋದ ಎರಡನೇ ವರ್ಷ ಆಕೆ ತೀರಿಕೊಂಡಳು. ಬರಲಿಕ್ಕೆ ಆಗಲಿಲ್ಲ.

ನಾನಿದ್ದದ್ದು ಡೊಡೊಮಾ ಕಡೆಯ ಒಂದು ಹಳ್ಳಿ. ಬಸ್ಸಿನ ಕಿಟಕಿಯಿಂದ ನೋಡಿದರೆ ಕೊಪ್ಪಳದ ದಾರಿಯಲ್ಲೇ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಅದೇ ಬಂಡೆಗಲ್ಲು, ಅದೇ ಕುರುಚಲು ಗಿಡ, ಅದೇ ಬಿಸಿಲು. ಜೋಳವೂ ಇದೆ. ಅವರು ಅದನ್ನು ಮ್ತಾಮಾ ಅನ್ನುತ್ತಾರೆ. ನಾವು ರೊಟ್ಟಿ ಬಡಿಯುವ ಜೋಳ ಹುಟ್ಟಿದ್ದೇ ಆಫ್ರಿಕಾದಲ್ಲಿ ಅಂತ ನನಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಆದರೆ ಕಾಲ ಬೇರೆ. ಡಿಸೆಂಬರಿನಲ್ಲಿ ನಮ್ಮ ಹೊಲದಲ್ಲಿ ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ, ಬೆಳಗ್ಗೆ ಚಳಿ ಇರುತ್ತದೆ. ಅಲ್ಲಿ ಆಗ ತಾನೇ ಮಳೆ ಹಿಡಿದು ಬಿತ್ತನೆ ನಡೆದಿರುತ್ತದೆ.

ಭಾಷೆಯದೇ ದೊಡ್ಡ ಕಷ್ಟ. ಸ್ವಾಹಿಲಿ ಪಾಠ ಬಾಯಿಗೆ ಬರದೆ ಸುಮ್ನೆ ಕೂತಾಗೆಲ್ಲ ಜಾನ್ ಹ್ಯಾಂಡ್ಸ್ ನೆನಪಾಗುತ್ತಿದ್ದರು. 1810ರಲ್ಲಿ ಲಂಡನ್ ಮಿಷನ್ನಿಂದ ಬಳ್ಳಾರಿಗೆ ಬಂದವರು, ಕನ್ನಡ ಕಲಿತು ಬೈಬಲನ್ನೇ ಕನ್ನಡಕ್ಕೆ ತಂದವರು. ಅವರು ಪ್ರೊಟೆಸ್ಟೆಂಟರು, ನಾವು ಕಥೋಲಿಕರು. ಆದರೂ ಬಳ್ಳಾರಿಯ ಆ ಗುಡ್ಡದ ಕೆಳಗೆ ಅವರು ಮೊದಲ ಕ್ರಿಸ್‌ಮಸ್ ಹೇಗೆ ಕಳೆದರೋ, ಕನ್ನಡದಲ್ಲಿ ಎಷ್ಟು ಮಾತು ಬರುತ್ತಿತ್ತೋ ಅಂತ ನೆನೆದರೆ ಕರುಳು ಚುರುಕ್ ಅನ್ನುತ್ತಿತ್ತು.

ನನಗೆ ಮೊದಲು ಕಲಿಸಿದ ಮಾತು ಶಿಕಾಮೋ. ಚಿಕ್ಕವರು ದೊಡ್ಡವರನ್ನು ಕಂಡರೆ ಹಾಗನ್ನಬೇಕು. ದೊಡ್ಡವರು ಮರಹಬಾ ಅನ್ನುತ್ತಾರೆ. ದೊಡ್ಡವರು ಚಿಕ್ಕವರಿಗೆ ಅದನ್ನು ಹೇಳುವ ಹಾಗಿಲ್ಲ. ನಮಸ್ಕಾರ ಇದ್ದ ಹಾಗೆ ಅಂದುಕೊಂಡು ಗಿಣಿಯಂತೆ ಒಪ್ಪಿಸುತ್ತಿದ್ದೆ.

ಮೊದಲ ವರ್ಷದ 24ನೇ ತಾರೀಕು. ಅಲ್ಲಿ ಸಂಜೆ ಆರು, ಅಂದರೆ ಮುದಗಲ್ಲಿನಲ್ಲಿ ಎಂಟೂವರೆ. ಮನೆಯಲ್ಲಿ ಕರ್ಚಿಕಾಯಿ ಕರಿದು ಮುಗಿಸಿ, ಅಜ್ಜಿ ಬಿಸಿನೀರು ಕಾಯಿಸಿಕೊಂಡು ಚರ್ಚಿಗೆ ಹೊರಡುವ ತಯಾರಿಯಲ್ಲಿರುತ್ತಾಳೆ. ಅಂಗಳದಲ್ಲಿ ಮಕ್ಕಳು ಹಸಿ ಮಣ್ಣಿನಲ್ಲಿ ಗೋದಲಿಯ ದನ ಮಾಡುತ್ತಿದ್ದರು. ನನಗೆ ಯಾವುದರಲ್ಲೂ ಮನಸ್ಸಿಲ್ಲ. ಅಷ್ಟರಲ್ಲಿ ಒಬ್ಬ ಮುದುಕಿ ಬುಟ್ಟಿಯಲ್ಲಿ ಜೋಳದ ಹಿಟ್ಟು ತಂದಳು, ಸಿಸ್ಟರುಗಳಿಗೆ ಹಬ್ಬದ ಕಾಣಿಕೆ. ಬರಿಗಾಲು, ಹಿಮ್ಮಡಿ ತುಂಬ ಬಿರುಕು. ಬಿರುಕಿನಲ್ಲಿ ಕೆಂಪು ಮಣ್ಣು. ಶಿಕಾಮೋ ಅಂದೆ. ಪಕ್ಕದಲ್ಲಿದ್ದ ಉಪದೇಶಿ ಸುಮ್ಮನೆ ಮಾತಿಗೆ ಅಂದರು: ಆ ಮಾತಿನ ಅರ್ಥ ಗೊತ್ತಾ ಸಿಸ್ಟರ್? ನಿಮ್ಮ ಕಾಲು ಹಿಡಿಯುತ್ತೇನೆ ಅಂತ.

ನಾನು ನಿಂತಲ್ಲೇ ಅತ್ತೆ. ಎಷ್ಟು ತಿಂಗಳಿಂದ ದಾರಿಯಲ್ಲಿ ಕಂಡ ಕಂಡ ಹಿರಿಯರ ಕಾಲು ಹಿಡಿಯುತ್ತಾ ಬಂದಿದ್ದೆ, ನನಗೇ ಗೊತ್ತಿರಲಿಲ್ಲ. ಬಗ್ಗಿ ಆಕೆಯ ಎರಡೂ ಪಾದ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಆಕೆ ಗಾಬರಿಯಾಗಿ ನನ್ನನ್ನು ಎತ್ತಿ, ಬೆನ್ನು ಸವರುತ್ತಾ ಪೋಲೆ, ಪೋಲೆ ಅಂದಳು. ನೊಂದವರಿಗೆ ಅಲ್ಲಿ ಹಾಗನ್ನುತ್ತಾರೆ. ಅವತ್ತು ರಾತ್ರಿ ಬಾಲಯೇಸುವನ್ನು ಗೋದಲಿಗೆ ತರುವಾಗ ಡೋಲು ಬಡಿದರು, ಹೆಂಗಸರು ನಾಲಿಗೆ ಆಡಿಸುತ್ತಾ ಕೂಗಿ ಸಂಭ್ರಮಪಟ್ಟರು. ಚರ್ಚಿನ ತಗಡು ಅದುರುತ್ತಿತ್ತು. ಅಂಥ ಸದ್ದಿನಲ್ಲೂ ನನ್ನೊಳಗೆ ಎಷ್ಟು ನೆಮ್ಮದಿ ಇತ್ತು ಅಂತ ಹೇಳಲಾರೆ.

ಈ ಸಲ ರಜೆಗೆ ಬಂದಿದ್ದೆ. ಈಗ ಎಷ್ಟೋ ಕಡೆ ಮೂರ್ತಿ ಮುಟ್ಟುವುದನ್ನೇ ಬಿಟ್ಟಿದ್ದಾರೆ. ಕೊರೊನಾದಲ್ಲಿ ಬೇಕಿತ್ತು, ಸರಿ. ಈಗಲೂ ದೂರದಿಂದ ತಲೆ ಬಾಗಿಸಿ ಹೋಗುವುದು ಯಾಕೆ? ಮನೆಗಳಲ್ಲೂ ಹಾಗೇ ಆಗಿದೆ ಅಲ್ವಾ? ಹಬ್ಬದ ದಿನ ಅಜ್ಜಿಗೆ ಫೋನಿನಲ್ಲಿ ಚಿತ್ರ ಬರುತ್ತದೆ, ಮೊಮ್ಮಕ್ಕಳು ಮಾತ್ರ ಬರುವುದಿಲ್ಲ. ಪಕ್ಕದ ರೂಮಿನಲ್ಲೇ ಇದ್ದರೂ ಕಾಲು ಮುಟ್ಟಲು ಸಂಕೋಚ. ದಯವಿಟ್ಟು ಮುಟ್ಟಿ. ಆಮೇಲೆ ಮುಟ್ಟಬೇಕು ಅಂದರೂ ಆ ಕಾಲು ಇರುವುದಿಲ್ಲ.

ಪೂಜೆ ಮುಗಿದ ಮೇಲೆ ಎಲ್ಲರೂ ಹೋಗುವವರೆಗೂ ಕಾದು ಫಾದರ್ ಹತ್ತಿರ ಕೇಳಿಕೊಂಡೆ. ಅವರು ಮೂರ್ತಿಯನ್ನು ನನ್ನ ಮುಂದೆ ಹಿಡಿದರು. ಯಾರೋ ಹೊಸ ಬಣ್ಣ ಹಚ್ಚಿಸಿದ್ದಾರೆ, ಹೆಬ್ಬೆರಳಿನ ಬಿಳಿ ಕಾಣುವುದಿಲ್ಲ. ಆದರೆ ಬಣ್ಣದ ಕೆಳಗೆ ಆ ಸವೆತ ಬೆರಳಿಗೆ ಸಿಕ್ಕಿತು. ಎರಡೂ ಪಾದ ಹಿಡಿದು, ಕೈಗಳನ್ನು ಕಣ್ಣಿಗೆ ಒತ್ತಿಕೊಂಡು, ಮೆಲ್ಲಗೆ ಶಿಕಾಮೋ ಅಂದೆ.