ಒಂದು ಸೆಂಟಿಮೀಟರ್

ಇಂದು ತಂಗಿಯ ಮಗುವಿಗೆ ಲಸಿಕೆ ಹಾಕಿಸಲು ಹೋಗಿದ್ದಾಗ, ನರ್ಸ್ ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಸುತ್ತಿ, ಮಗು ಕೊಸರಾಡಿದ್ದರಿಂದ ಮತ್ತೊಮ್ಮೆ ಸುತ್ತಿ, ತಾಯಿ ಕಾರ್ಡಿನಲ್ಲಿ ಒಂದು ಸಂಖ್ಯೆ ಬರೆದರು. ನನಗೆ ಬ್ರೆಜಿಲಿನ ರೆಸಿಫೆ ನಗರ ನೆನಪಾಯಿತು. 2015ರಲ್ಲಿ ಅಲ್ಲಿನ ಮಕ್ಕಳ ನರರೋಗ ತಜ್ಞರು, ತೀರಾ ಚಿಕ್ಕ ತಲೆಯ ಶಿಶುಗಳು ಒಂದರ ಹಿಂದೊಂದು ಬರುತ್ತಿರುವುದನ್ನು ಗಮನಿಸಿ ಆರೋಗ್ಯ ಇಲಾಖೆಗೆ ತಿಳಿಸಿದ ಮೇಲೆಯೇ ಸೊಳ್ಳೆಯಿಂದ ಹರಡುವ, ಗರ್ಭಿಣಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿಸಬಲ್ಲ ಝೀಕಾ ವೈರಸ್ಸಿನ ಈ ಮುಖ ಬಯಲಾಗತೊಡಗಿತು. ನವೆಂಬರಿನಲ್ಲಿ ಆ ದೇಶವೂ, 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಆರೋಗ್ಯ ತುರ್ತುಸ್ಥಿತಿ ಘೋಷಿಸಿದವು. ದಿನ ತುಂಬಿ ಹುಟ್ಟಿದ ಶಿಶುವಿನ ತಲೆಯ ಸುತ್ತಳತೆ 33 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಶಂಕಿತ ಪ್ರಕರಣವೆಂದು ಮೊದಲು ದಾಖಲಿಸುತ್ತಿದ್ದರು. ಆದರೆ ಆರೋಗ್ಯವಂತ ಮಕ್ಕಳೂ ಪಟ್ಟಿಗೆ ಸೇರುತ್ತಿದ್ದುದರಿಂದ ಡಿಸೆಂಬರಿನಲ್ಲಿ ಆ ಮಿತಿಯನ್ನು 32ಕ್ಕೆ ಇಳಿಸಲಾಯಿತು. ಆ ಒಂದು ಸೆಂಟಿಮೀಟರಿನೊಳಗೆ ಎಷ್ಟು ತಾಯಂದಿರ ನಿದ್ದೆ ಸಿಕ್ಕಿಕೊಂಡಿತ್ತೋ! ಅಳತೆಯು ಅದೇ ವಯಸ್ಸಿನ, ಅದೇ ಲಿಂಗದ ಶಿಶುಗಳ ಸರಾಸರಿಗಿಂತ ಮೂರು ಪ್ರಮಾಣಿತ ವಿಚಲನೆಗಳಿಗೂ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಮಾಪಕ) ಕೆಳಗಿದ್ದರೆ ಮಾತ್ರ ಅದು ತೀವ್ರ ಮೈಕ್ರೊಸೆಫಲಿ, ಅಂದರೆ ತಲೆ ಅಸಹಜವಾಗಿ ಚಿಕ್ಕದಾಗಿರುವ ಸ್ಥಿತಿಯ ತೀವ್ರ ರೂಪ. ಹೆರಿಗೆಯಲ್ಲಿ ಒತ್ತಿಕೊಂಡ ತಲೆಬುರುಡೆ ಸರಿಹೋಗಲೆಂದು 24 ಗಂಟೆ ಕಳೆದ ಮೇಲೆ, ಹಿಗ್ಗದ ಟೇಪಿನಿಂದಲೇ ಅಳೆಯಬೇಕೆಂಬುದು ಮಾರ್ಗಸೂಚಿ. ಇಂದು ನಾನು ಕಂಡದ್ದು ಮಾತ್ರ ದರ್ಜಿಯ ಬಟ್ಟೆಯ ಟೇಪು, ಅದರ ಮೊದಲ ಅಂಕಿಯೇ ಅಳಿಸಿಹೋಗಿತ್ತು.