"ಜ್ವರ ಅದೇನು?" ಅಂತ ಕೇಳಬ್ಯಾಡ್ರಿ, "ಬಾಯಿ ರುಚಿ ಹೆಂಗದ?" ಅಂತ ಕೇಳ್ರಿ

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಸಾವಿರ ಜನಕ್ಕೊಬ್ಬರು ಅನ್ನೋದು ಲೆಕ್ಕ, ನನ್ನ ಪಾಲಿಗೆ ಬಂದಿರೋದು ಅರ್ಧ ಊರು, ಜೊತೆಗೊಂದು ತಾಂಡಾ. ಕೊರೊನಾ ಟೈಮಲ್ಲಿ ಕಲಿತದ್ದನ್ನ ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳ್ತಾ ಇರ್ತೀನಿ, ಇಲ್ಲೂ ಬರೆದಿಡೋಣ ಅನ್ನಿಸ್ತು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆಗಿದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ, ಆಗಿಂದಲೇ ಊರಲ್ಲಿ ಗಾಬರಿ ಇತ್ತು. ಮೇ ತಿಂಗಳಲ್ಲಿ ಮುಂಬೈ, ಪುಣೆ ಕಡೆ ದುಡಿಯೋಕೆ ಹೋದೋರೆಲ್ಲ ವಾಪಸ್ ಬರೋಕೆ ಶುರು ಮಾಡಿದ್ರು, ಬಂದೋರನ್ನ ಶಾಲೆಯಲ್ಲಿ ಕ್ವಾರಂಟೈನ್ ಇಡ್ತಿದ್ರು, ಯಾರು ಬಂದ್ರು ಯಾವಾಗ ಬಂದ್ರು ಅಂತ ಲಿಸ್ಟ್ ಮಾಡಿ ಪಿಎಚ್‌ಸಿಗೆ ಕೊಡೋದು ನನ್ನ ಕೆಲಸ. ಹತ್ತು ವರ್ಷದಿಂದ ಹೆರಿಗೆಗೆ ಕರ್ಕೊಂಡು ಹೋದವಳು, ಕೂಸಿಗೆ ಪೋಲಿಯೋ ಹನಿ ಹಾಕಿಸಿದವಳು, ಒಂದೇ ವಾರದಲ್ಲಿ ಜನರನ್ನ ಹಿಡ್ಕೊಡೋಳಾಗಿಬಿಟ್ಟೆ. ಗುಲಾಬಿ ಸೀರೆ ಓಣಿ ತುದಿಗೆ ಕಂಡ್ರೆ ಸಾಕು ಬಾಗಿಲು ಹಾಕ್ಕೋತಿದ್ರು. ನಮಗೆ ಹಾಲು ಕೊಡೋರೂ ನಿಲ್ಲಿಸಿದ್ರು, ಮನೇಲಿ ಸಣ್ಣ ಮಗಳಿದ್ದಾಳೆ ಅಂದ್ರೂ ಕೇಳಲಿಲ್ಲ.

ತಪ್ಪು ನನ್ನದೂ ಇತ್ತು. ರಿಜಿಸ್ಟರ್ ಕೈಯಲ್ಲಿ ಹಿಡ್ಕೊಂಡು ರೋಡಲ್ಲೇ ನಿಂತು "ಜ್ವರ ಅದೇನ್ರಿ, ಕೆಮ್ಮು ಅದೇನ್ರಿ" ಅಂತ ಕೂಗ್ತಿದ್ದೆ, ಒಳಗಿಂದ "ಇಲ್ಲ" ಅಂತಿದ್ರು, ನಾನೂ ಇಲ್ಲ ಅಂತ ಬರ್ಕೊಂಡು ಮುಂದಿನ ಮನೆಗೆ ಹೋಗ್ತಿದ್ದೆ. ಎಲ್ಲಾ ಮನೆಗೂ ಸೊನ್ನೆ. ಮಳೆಗಾಲ ಶುರುವಾದ ಊರಲ್ಲಿ ಒಬ್ಬರಿಗೂ ಕೆಮ್ಮಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ನಾನು ನಂಬಿದ್ದೆ, ಯಾಕಂದ್ರೆ ಸಂಜೆಯೊಳಗೆ ರಿಪೋರ್ಟ್ ಹೋಗಬೇಕಿತ್ತು, ನೆಟ್‌ವರ್ಕ್ ಸಿಗೋದು ಗುಡಿ ಹಿಂದಿನ ಬಂಡೆ ಮೇಲೆ ಮಾತ್ರ.

ಆಗಲೇ ತಾಂಡಾದ ಒಬ್ಬಳು ಏಳು ತಿಂಗಳ ಬಸುರಿ ನನ್ನ ಕಣ್ಣು ತಪ್ಪಿಸಿದ್ಲು. ಗಂಡ ಪುಣೆಯಿಂದ ರಾತ್ರೋರಾತ್ರಿ ಬಂದಿದ್ದ, ನಾನು ಹೋದ್ರೆ ಅವನನ್ನ ಶಾಲೆಗೆ ಹಾಕಿಸ್ತೀನಿ ಅಂತ ಹೆದರಿಕೆ, ಹಂಗಾಗಿ ತಾಯಿ ಕಾರ್ಡ್ ಚೆಕಪ್ ಎರಡು ಸಲ ತಪ್ಪಿತು. ಒಂದಿನ ಬೋರ್‌ವೆಲ್ ಹತ್ರ ಕೊಡ ಇಳಿಸ್ತಿದ್ಲು, ಅವಳ ಕಾಲು ನೋಡಿದೆ. ಕಾಲುಂಗುರ ಚರ್ಮದೊಳಗೆ ಹೂತುಹೋಗಿತ್ತು, ಬೆಳ್ಳಿ ಒಂದು ಗೆರೆಯಷ್ಟು ಮಾತ್ರ ಕಾಣ್ತಿತ್ತು. ಸಿಸ್ಟರ್ ಬಂದು ಬಿಪಿ ನೋಡಿದ್ರೆ 150ರ ಮೇಲೆ. ತಾಲೂಕು ಆಸ್ಪತ್ರೆಗೆ ಸೇರಿಸಿದ್ವಿ, ತಾಯಿ ಮಗು ಇಬ್ಬರೂ ಉಳಿದ್ರು. ಆದ್ರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊರೊನಾ ಹುಡುಕ್ತಾ ಹುಡುಕ್ತಾ ನನ್ನ ಬಸುರಿಯನ್ನೇ ಬಿಟ್ಟುಬಿಟ್ಟಿದ್ದೆ.

ಮಾರನೇ ದಿನದಿಂದ ರಿಜಿಸ್ಟರ್ ಬ್ಯಾಗ್‌ನಿಂದ ಹೊರಗೆ ತೆಗೀಲಿಲ್ಲ. ಮೊದಲು ಅಜ್ಜನ ಬಿಪಿ ಗುಳಿಗೆ ಮುಗಿದಾವೇನು, ಕೂಸು ಹಾಲು ಕುಡೀತದೇನು, ಅದನ್ನೇ ಕೇಳೋದು. ಆಮೇಲೆ ಮೆಲ್ಲಗೆ "ಎಲ್ಲರಿಗೂ ಬಾಯಿ ರುಚಿ ಹೆಂಗದ?" ಅನ್ನೋದು. ಕೊರೊನಾ ಬಂದ ಎಷ್ಟೋ ಜನರಿಗೆ ಬಾಯಿ ರುಚಿ ಹೋಗ್ತಿತ್ತು. ಜ್ವರ ಅಂದ್ರೆ ಮುಚ್ಚಿಡ್ತಾರೆ, ಊಟದ ಸುದ್ದಿಯನ್ನ ಯಾವ ಹೆಣ್ಣುಮಗಳೂ ಮುಚ್ಚಿಡಲ್ಲ. "ನಮ್ಮವ್ರು ರೊಟ್ಟಿ ಮುಟ್ಟವಲ್ಲರು ಅಕ್ಕಾ, ಶೇಂಗಾ ಹಿಂಡಿ ಮಣ್ಣಿನಂಗ ಆಗ್ಯದಂತ" ಅಂತ 2021ರ ಮೇನಲ್ಲಿ ಒಬ್ಬಾಕೆ ಹೇಳಿದ್ಲು. ಗಂಡ ಕಟ್ಟೆ ಮೇಲೆ ಕೂತು ಆರಾಮಾಗೇ ಮಾತಾಡ್ತಿದ್ದ. ರಕ್ತದಲ್ಲಿ ಆಕ್ಸಿಜನ್ ಎಷ್ಟದೆ ಅಂತ ತೋರಿಸೋ ಆಕ್ಸಿಮೀಟರ್ ಬೆರಳಿಗೆ ಹಾಕಿದೆ, ನಂಬರ್ರೇ ಬರಲಿಲ್ಲ, ಬೆರಳು ತಣ್ಣಗಿತ್ತು. ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದ್ರೆ 86. 94ಕ್ಕಿಂತ ಕೆಳಗಿದ್ರೆ ಕಳಿಸಬೇಕು ಅಂತ ನಮಗೆ ಹೇಳಿದ್ರು. 108 ಬರೋ ತನಕ ಬೋರಲು ಮಲಗಿಸಿ ಪಕ್ಕದಲ್ಲೇ ಕೂತಿದ್ದೆ. ಅವನು ವಾಪಸ್ ಬಂದ. ಅದೇ ಓಣಿಯ ಇನ್ನಿಬ್ಬರು ಬರಲಿಲ್ಲ, ಆ ಮನೆಗಳಿಗೆ ನಾನು ತಡವಾಗಿ ಹೋಗಿದ್ದೆ.

ದುಡ್ಡಿನ ವಿಷಯವನ್ನೂ ಹೇಳಲೇಬೇಕು. ರಾಜ್ಯದಲ್ಲಿ ನಾವು ಸುಮಾರು 42 ಸಾವಿರ ಜನ, ಆಗ ರಾಜ್ಯದಿಂದ ತಿಂಗಳಿಗೆ ಸಿಗ್ತಿದ್ದ ಗೌರವಧನ 4 ಸಾವಿರ. 2020ರ ಜುಲೈಯಲ್ಲಿ 12 ಸಾವಿರ ಕೊಡಿ, ಮಾಸ್ಕು ಗ್ಲೌಸು ಸರಿಯಾಗಿ ಕೊಡಿ ಅಂತ ಕೆಲಸ ನಿಲ್ಲಿಸಿ ಕೂತ್ವಿ. ಕೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ಸಿಲ್ಲ. ನಮಗಿದ್ದದ್ದು ಎರಡೇ ಯೂನಿಫಾರ್ಮ್ ಸೀರೆ, ದಿನಾ ರಾತ್ರಿ ಒಂದನ್ನ ಬಿಸಿನೀರಲ್ಲಿ ನೆನೆಹಾಕಿ, ಬಚ್ಚಲಲ್ಲಿ ಮೈ ತೊಳ್ಕೊಂಡೇ ಮಗಳನ್ನ ಮುಟ್ಟೋದು.

ಲಸಿಕೆಗೂ ಅದೇ ಕಥೆ. ಸೂಜಿ ಹಾಕಿಸ್ಕೊಂಡ್ರೆ ಎರಡು ವರ್ಷದಲ್ಲಿ ಸಾಯ್ತಾರೆ ಅಂತ ವಾಟ್ಸಾಪಲ್ಲಿ ಹರಿದಾಡ್ತಿತ್ತು, ಎಲ್ಲರೂ ಅದಕ್ಕೇ ಬರ್ತಿಲ್ಲ ಅಂದ್ಕೊಂಡಿದ್ವಿ. ಕೂತು ಮಾತಾಡಿದ್ರೆ ಹೆಂಗಸರು ಬೇರೇನೇ ಹೇಳಿದ್ರು: "ಎರಡು ದಿನ ಜ್ವರ ಬಂದು ಮಲಗಿದ್ರ ಕೂಲಿ ಯಾರು ಕೊಡ್ತಾರ?" ನಮ್ಮೂರಲ್ಲಿ ಸೋಮವಾರ ಎತ್ತು ಹೂಡಲ್ಲ, ಕೂಲಿನೂ ಕಮ್ಮಿ. ಸಿಸ್ಟರ್ ಹತ್ರ ಬೇಡ್ಕೊಂಡು ಕ್ಯಾಂಪ್ ರವಿವಾರ ಇಡಿಸಿದೆ, ಮೊದಲು ನಮ್ಮ ಅತ್ತೆಯನ್ನ ಕೂರಿಸಿದೆ, ಸೋಮವಾರ ಪ್ಯಾರಾಸಿಟಮಾಲ್ ಹಿಡ್ಕೊಂಡು ಮನೆಮನೆಗೆ ಹೋಗಿ ಹೆಂಗಿದ್ದೀರಿ ಅಂತ ಕೇಳ್ಕೊಂಡು ಬಂದೆ. ಎರಡನೇ ಡೋಸ್ ಹೊತ್ತಿಗೆ ತಾಂಡಾದಿಂದ ಅದೇ ಕಾಲುಂಗುರದ ಹುಡುಗಿ ಫೋನ್ ಮಾಡಿದ್ಲು, "ಅಕ್ಕಾ, ಈ ಸಲನೂ ರವಿವಾರನೇ ಇಡಸ್ತೀರಲ್ಲ? ನಮ್ಮ ಅತ್ತಿನೂ ಬರ್ತೀನಿ ಅಂತಾಳ."